ಹಡಗು ಇಳಿಯುವ ಮೊದಲೇ ಮುಂದಿನ ಕ್ರೂಸ್ ಬುಕ್ ಮಾಡಬೇಕಾ? ಒಂದು ಕುಟುಂಬದ ಪ್ರಕರಣ

ಪ್ರಕರಣ ಹೀಗಿದೆ. ಅಕ್ಕ-ಭಾವ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದಾರೆ. ಇಬ್ಬರು ಮಕ್ಕಳು, ಇಬ್ಬರೂ ಅಲ್ಲೇ ಹುಟ್ಟಿದವರು. ಆ ಬೇಸಿಗೆಗೆ ಭಾವನ ಅಪ್ಪ-ಅಮ್ಮ ಹಾಸನದಿಂದ ಬಂದಿದ್ದರು. ಜೂನ್‌ನಲ್ಲಿ ಆರೂ ಜನ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ರಾತ್ರಿಯ ಕೆರಿಬಿಯನ್ ಕ್ರೂಸ್‌ಗೆ ಹೊರಟರು. ನಾನೂ ಒಂದು ಕ್ಯಾಬಿನ್ ಹಿಡಿದು ಸೇರಿಕೊಂಡೆ. ಹತ್ತಿದ ಮೇಲೆ ಎರಡು ದಿನ ಬರೀ ಸಮುದ್ರ. ಆಮೇಲೆ ರೊಆಟಾನ್, ಕೋಸ್ಟಾ ಮಾಯಾ, ಕೊಜುಮೆಲ್. ಮತ್ತೊಂದು ದಿನ ಸಮುದ್ರ, ಮರುದಿನ ಬೆಳಿಗ್ಗೆ ವಾಪಸ್ ಗ್ಯಾಲ್ವೆಸ್ಟನ್.

ಮೂರನೇ ದಿನ ತಿಂಡಿ ಮುಗಿಸಿ ಬರುವಾಗ ಭಾವ ಒಂದು ಕೌಂಟರ್ ಮುಂದೆ ನಿಂತುಬಿಟ್ಟರು. ಮುಂದಿನ ಕ್ರೂಸ್ ಇಲ್ಲೇ ಬುಕ್ ಮಾಡಿದರೆ ಡೆಪಾಸಿಟ್ ಕಡಿಮೆ, ಮೇಲೆ ಆನ್‌ಬೋರ್ಡ್ ಕ್ರೆಡಿಟ್ ಎಂದು ಬೋರ್ಡ್ ಹಾಕಿದ್ದರು. ಒಳಗೆ ಕೂತಿದ್ದ ಹೆಣ್ಣುಮಗಳು ನಗುನಗುತ್ತಾ ಮಾತಾಡಿಸಿದರು. ಅರ್ಧ ಗಂಟೆ ಬಿಟ್ಟು ಭಾವ ಕೈಯಲ್ಲಿ ಒಂದು ಕೊಟೇಶನ್ ಹಿಡಿದು ಬಂದರು. ಮುಂದಿನ ವರ್ಷ ಜುಲೈ, ಸಿಯಾಟಲ್‌ನಿಂದ ಅಲಾಸ್ಕ, ಏಳು ರಾತ್ರಿ, ಎರಡು ಬಾಲ್ಕನಿ ಕ್ಯಾಬಿನ್, ಇದೇ ಆರು ಜನ. "ಹಡಗು ಇಳಿದ ಮೇಲೆ ಈ ಆಫರ್ ಇರಲ್ಲ" ಅಂದರು.

ಬುಕ್ ಮಾಡಬೇಕಾ, ಬೇಡವಾ? ಹಡಗು ಇಳಿಯುವವರೆಗೂ ಊಟದ ಟೇಬಲ್‌ನಲ್ಲಿ ಇದೇ ಮಾತು. ಇದೇ ಪ್ರಶ್ನೆಯನ್ನು ಈಗ ಪರಿಚಯದವರೂ ಕೇಳುತ್ತಿದ್ದಾರೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ.

ಆ ಕೌಂಟರ್‌ನಲ್ಲಿ ಮಾರುವುದು ಏನು

ದೊಡ್ಡ ಕ್ರೂಸ್ ಕಂಪನಿಗಳ ಹಡಗುಗಳಲ್ಲಿ ಇಂಥ ಕೌಂಟರ್ ಇದ್ದೇ ಇರುತ್ತದೆ. ರಾಯಲ್ ಕೆರಿಬಿಯನ್‌ನಲ್ಲಿ ಇದಕ್ಕೆ ನೆಕ್ಸ್ಟ್‌ಕ್ರೂಸ್ ಅಂತಾರೆ, ನಾರ್ವೇಜಿಯನ್‌ನಲ್ಲಿ ಕ್ರೂಸ್‌ನೆಕ್ಸ್ಟ್. ಮಾರುವವರ ಕಡೆಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗಲಾರ. ಹೊಟ್ಟೆ ತುಂಬಿದೆ, ಆಫೀಸ್ ಮರೆತಿದೆ, ಮಕ್ಕಳು ಕಾಟ ಕೊಡುತ್ತಿಲ್ಲ. ಹಡಗಿನ ಇಂಟರ್ನೆಟ್‌ಗೆ ಬೇರೆ ದುಡ್ಡು ಕೊಡಬೇಕು, ಹಾಗಾಗಿ ಹೊರಗಿನ ರೇಟ್ ಜೊತೆ ಹೋಲಿಸಿ ನೋಡುವವರೂ ಕಡಿಮೆ.

ಬುಕಿಂಗ್‌ನಲ್ಲಿ ಎರಡು ಬಗೆ. ಒಂದರಲ್ಲಿ ಯಾವ ಹಡಗು, ಯಾವ ದಿನ, ಯಾವ ಕ್ಯಾಬಿನ್ ಎಂದು ಎಲ್ಲ ಗೊತ್ತುಮಾಡಿಯೇ ಹಣ ಕಟ್ಟುವುದು. ಇನ್ನೊಂದರಲ್ಲಿ ದಿನ ಗೊತ್ತುಮಾಡದೆ ಒಂದಿಷ್ಟು ಹಣ ಇಟ್ಟು, ಮನೆಗೆ ಹೋಗಿ ನಿಧಾನವಾಗಿ ಆರಿಸಿಕೊಳ್ಳುವುದು. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ಕಂಪನಿಗಳು ತಲೆಗೆ 100 ಡಾಲರ್‌ನಂತೆ ಹೀಗೆ ಡೆಪಾಸಿಟ್ ಇಟ್ಟುಕೊಂಡು ಬಂದಿವೆ. ಡಿಸ್ನಿಯಲ್ಲಿ 250 ಡಾಲರ್ ಇಟ್ಟು ಹೋದರೆ ಎರಡು ವರ್ಷದೊಳಗೆ ಮಾಡುವ ಪ್ರಯಾಣಕ್ಕೆ ಶೇಕಡಾ 10 ಕಡಿತ. ಕೆಲವು ದಿನಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ಹೋಗದಿದ್ದರೆ ಆ 250 ವಾಪಸ್. ನನ್ನನ್ನು ಕೇಳಿದರೆ, ಡಿಸ್ನಿಗೆ ಮತ್ತೆ ಹೋಗುವ ಮನಸ್ಸಿರುವ ಮನೆಯವರು ಹೆಚ್ಚು ಯೋಚಿಸಬೇಕಾಗಿಲ್ಲ. ಅದೊಂದು ಸುಲಭದ ಪ್ರಕರಣ. ಆದರೆ ಎಲ್ಲ ಕಡೆಯ ಆಫರ್ ಅಷ್ಟು ಸುಲಭ ಇರುವುದಿಲ್ಲ. ಷರತ್ತುಗಳೂ ಆಗಾಗ ಬದಲಾಗುತ್ತವೆ. ಕೌಂಟರ್‌ನಲ್ಲಿ ಆ ದಿನ ಕೊಡುವ ಕಾಗದವೇ ಪ್ರಮಾಣ.

ನಮ್ಮ ಹಡಗಿನಲ್ಲಿ ಇದ್ದದ್ದು ಮೊದಲನೇ ಬಗೆ. ಇಲ್ಲಿ ಜನ ತಪ್ಪು ತಿಳಿಯುವುದು ಒಂದೇ ವಿಷಯದಲ್ಲಿ. ಹಡಗಿನಲ್ಲಿ ಬುಕ್ ಮಾಡಿದರೆ ಟಿಕೆಟ್ ರೇಟೇ ಕಡಿಮೆ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗೇನೂ ಇರುವುದಿಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲಿ ಇರುವ ರೇಟೇ ಅಲ್ಲೂ ಇರುತ್ತದೆ. ಸಿಗುವ ಲಾಭ ಎರಡು, ಕಡಿಮೆ ಡೆಪಾಸಿಟ್ ಮತ್ತು ಆನ್‌ಬೋರ್ಡ್ ಕ್ರೆಡಿಟ್. ಆನ್‌ಬೋರ್ಡ್ ಕ್ರೆಡಿಟ್ ಅಂದರೆ ಮುಂದಿನ ಹಡಗಿನಲ್ಲಿ ಮಾತ್ರ ಖರ್ಚು ಮಾಡಬಹುದಾದ ಹಣ. ಕುಡಿಯುವವರಿಗೆ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ನಮ್ಮ ಬೀಗರಂಥ ಕಾಫಿ ಮಾತ್ರ ಕುಡಿಯುವವರು ಟಿಪ್ಸ್‌ಗೆ ಹೊಂದಿಸಿಕೊಳ್ಳಬಹುದು.

ಬೀಗರ ಲೆಕ್ಕ, ಅಕ್ಕನ ತಿದ್ದುಪಡಿ

ಭಾವನ ಅಪ್ಪ ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಸಾಲದ ಪತ್ರಗಳನ್ನೇ ಓದಿ ಜೀವನ ಕಳೆದವರು. ಅವರು ಕೇಳಿದ ಮೊದಲ ಮಾತು, "ಷರತ್ತು ಬರೆದಿರೋ ಪೇಪರ್ ಎಲ್ಲಿ?" ಭಾವನ ಹತ್ತಿರ ರೇಟ್ ಬರೆದ ಚೀಟಿ ಮಾತ್ರ ಇತ್ತು. ಅಪ್ಪ-ಮಗ ಮತ್ತೆ ಹೋಗಿ ಷರತ್ತಿನ ಹಾಳೆ ತಂದರು. ಮೇಲಿನ ಡೆಕ್‌ನ ಬಫೆಯಲ್ಲಿ ಕೂತು ಬೀಗರು ಕನ್ನಡಕ ಏರಿಸಿ ಓದಿದರು. ಆ ಹಡಗಿನ ಕಾಫಿ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಆದರೂ ಎರಡು ಲೋಟ ಆಯಿತು.

ಅಂಕಿಗಳು ಇವು. ರಿಫಂಡ್ ಇಲ್ಲದ ಡೆಪಾಸಿಟ್ ಆದರೆ ಆರು ಜನಕ್ಕೆ ಒಟ್ಟು 7,260 ಡಾಲರ್. ರಿಫಂಡ್ ಇರುವ ಡೆಪಾಸಿಟ್ ಆದರೆ ಅದೇ ಕ್ಯಾಬಿನ್‌ಗಳಿಗೆ 7,740. ವ್ಯತ್ಯಾಸ 480. ಮನೆಯಿಂದ ಬುಕ್ ಮಾಡಿದರೆ ತಲೆಗೆ 250ರಂತೆ 1,500 ಡೆಪಾಸಿಟ್ ಕಟ್ಟಬೇಕು, ಇಲ್ಲಿ ತಲೆಗೆ 100ರಂತೆ 600 ಸಾಕು. ಕ್ಯಾಬಿನ್‌ಗೆ 100ರಂತೆ 200 ಡಾಲರ್ ಕ್ರೆಡಿಟ್. ರಿಫಂಡ್ ಇಲ್ಲದ ಬಗೆಯಲ್ಲಿ ಹಡಗು ಅಥವಾ ದಿನ ಬದಲಾಯಿಸಿದರೆ ತಲೆಗೆ 100 ದಂಡ. ಪೂರ್ತಿ ಹಣ ಕಟ್ಟುವ ಗಡುವು ಹೊರಡುವ 90 ದಿನ ಮೊದಲು. ರಿಫಂಡ್ ಇರುವ ಡೆಪಾಸಿಟ್‌ಗೂ ಅದೇ ಗಡುವು. ಅದು ದಾಟಿದರೆ ಎರಡಕ್ಕೂ ದಂಡ ಶುರು.

ಬೀಗರು ಪೆನ್ ತೆಗೆದರು. "ಆರು ಜನ. ತಲೆಗೆ 100. ಡೇಟ್ ಬದಲಾಯಿಸಿದ್ರೆ 600 ಹೋಯ್ತು. ಡೆಪಾಸಿಟ್ ಎಷ್ಟು? ಅದೂ 600. ಕಡಿಮೆ ಡೆಪಾಸಿಟ್ ಅಂತ ಖುಷಿಪಟ್ಟಿದ್ದಷ್ಟೇ ಬಂತು." ಆಮೇಲೆ ಇನ್ನೊಂದು ಮಾತು. "ಇನ್ನು ರಿಫಂಡ್ ಇರೋದು ತಗೊಂಡ್ರೆ 480 ಜಾಸ್ತಿ. 600 ಉಳಿಸೋಕೆ 480 ಕಟ್ಟೋದು ಯಾವ ಸೀಮೆ ಇನ್ಶೂರೆನ್ಸಪ್ಪ?"

ಅಕ್ಕ ಅಲ್ಲಿ ತಡೆದಳು. "ಮಾವ, ಆ 480 ನಾವು ಹೋದ್ರೆ ಮಾತ್ರ ಕೊಡೋದು. ಕ್ಯಾನ್ಸಲ್ ಮಾಡಿದ್ರೆ ಅದೂ ಇಲ್ಲ, ಡೆಪಾಸಿಟ್ಟೂ ವಾಪಸ್." ಬೀಗರು ಒಂದು ಕ್ಷಣ ನೋಡಿ, "ಹೌದಲ್ವಾ" ಅಂದರು.

ಈ ತಿದ್ದುಪಡಿ ಸಣ್ಣದಲ್ಲ. ಇನ್ಶೂರೆನ್ಸ್ ಕಂತು ಏನಾದರೂ ಆಗಲಿ ಬಿಡಲಿ ಕಟ್ಟಲೇಬೇಕು. ಇಲ್ಲಿ ಹಾಗಲ್ಲ. ಹೋದರೆ 480 ಹೆಚ್ಚು, ಹೋಗದಿದ್ದರೆ ಸೊನ್ನೆ. ರಿಫಂಡ್ ಇಲ್ಲದ್ದರಲ್ಲಿ ಹೋದರೆ ಹೆಚ್ಚು ಏನೂ ಇಲ್ಲ, ಹೋಗದಿದ್ದರೆ 600 ನಷ್ಟ. ಎರಡನ್ನೂ ತೂಗಿದರೆ, ಹೋಗದೇ ಇರುವ ಸಾಧ್ಯತೆ ಶೇಕಡಾ 44ಕ್ಕಿಂತ ಜಾಸ್ತಿ ಇದ್ದರೆ ರಿಫಂಡ್ ಇರುವುದು ವಾಸಿ, ಕಡಿಮೆ ಇದ್ದರೆ ರಿಫಂಡ್ ಇಲ್ಲದ್ದು ವಾಸಿ. ಕಣ್ಣು ಮುಚ್ಚಿ ರಿಫಂಡ್ ಇರುವುದನ್ನೇ ತಗೊಳ್ಳಿ ಎಂದು ಅನುಭವಸ್ಥರು ಹೇಳುವುದನ್ನು ಕೇಳಿರುತ್ತೀರಿ. ಡೆಪಾಸಿಟ್ ಇಷ್ಟು ಕಡಿಮೆ ಇದ್ದಾಗ ಆ ಮಾತು ಯಾವಾಗಲೂ ನಿಲ್ಲುವುದಿಲ್ಲ.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ರಿಫಂಡ್ ಇರುವುದನ್ನು ಈಗ ಬುಕ್ ಮಾಡುವುದನ್ನು, ಏನೂ ಮಾಡದೆ ಮನೆಗೆ ಹೋಗಿ ಎಲ್ಲ ಖಾತ್ರಿಯಾದ ಮೇಲೆ ರಿಫಂಡ್ ಇಲ್ಲದ ರೇಟ್‌ನಲ್ಲಿ ಬುಕ್ ಮಾಡುವುದರ ಜೊತೆ ಹೋಲಿಸಿದಳು. ಈಗ ಮಾಡಿದರೆ 480 ಹೆಚ್ಚು, 200 ಕ್ರೆಡಿಟ್ ವಾಪಸ್. ಅಂದರೆ 280 ಡಾಲರ್. ಇವತ್ತಿನ ರೇಟನ್ನು ಹಿಡಿದಿಟ್ಟುಕೊಳ್ಳಲು ಕೊಡುವ ಬೆಲೆ ಅದು. ಅಲಾಸ್ಕದ ರೇಟ್ ಮುಂದೆ 280ಕ್ಕಿಂತ ಜಾಸ್ತಿ ಏರಿದರೆ ಈಗ ಮಾಡಿದ್ದು ಲಾಭ, ಇಲ್ಲದಿದ್ದರೆ ನಷ್ಟ.

ಭಾವ ಸೋಲೊಪ್ಪಲಿಲ್ಲ. ಅವರ ವಾದದಲ್ಲೂ ಹುರುಳಿತ್ತು. ಒಂದೇ ಕ್ಯಾಬಿನ್‌ನಲ್ಲಿ ನಾಲ್ಕು ಜನ ಮಲಗುವಂಥವು ಹಡಗಿನಲ್ಲಿ ಕಡಿಮೆ. ಅದರ ಪಕ್ಕದಲ್ಲೇ ಅಪ್ಪ-ಅಮ್ಮನಿಗೆ ಕ್ಯಾಬಿನ್ ಬೇಕೆಂದರೆ ಇನ್ನೂ ಕಡಿಮೆ. ಸ್ಕೂಲ್ ರಜೆಯ ದಿನಗಳಲ್ಲಿ ಇವು ಮೊದಲು ತುಂಬುತ್ತವೆ. ಜೀವರಕ್ಷಕ ದೋಣಿಗಳ ಲೆಕ್ಕದಿಂದಾಗಿ, ಮಂಚ ಇದ್ದರೂ ಮೂರನೇ-ನಾಲ್ಕನೇ ಜನರನ್ನು ಸೇರಿಸಿಕೊಳ್ಳದ ಪರಿಸ್ಥಿತಿಯೂ ಬರುತ್ತದೆ. "ರೇಟ್ ಬಿಡು, ರೂಮೇ ಸಿಗದಿದ್ರೆ?" ಎಂದರು ಭಾವ. ಇಡೀ ಚರ್ಚೆಯಲ್ಲಿ ಬುಕಿಂಗ್ ಪರವಾಗಿ ಬಂದ ಗಟ್ಟಿ ಮಾತು ಇದೊಂದೇ. ಆದರೆ ಇದು ಬೇಗ ಬುಕ್ ಮಾಡಬೇಕು ಅನ್ನುವುದಕ್ಕೆ ಕಾರಣ. ಹಡಗಿನಲ್ಲೇ ಬುಕ್ ಮಾಡಬೇಕು ಅನ್ನುವುದಕ್ಕಲ್ಲ. ಮನೆಗೆ ಹೋದ ವಾರದಲ್ಲೂ ಆ ಕ್ಯಾಬಿನ್‌ಗಳು ಅಲ್ಲೇ ಇರುತ್ತವೆ.

ಕೊಟೇಶನ್‌ನಲ್ಲಿ ಇಲ್ಲದ ಖರ್ಚು

ಇಲ್ಲಿಯವರೆಗಿನ ಲೆಕ್ಕವೆಲ್ಲ ಹೋಗುತ್ತೇವೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಕುಟುಂಬಕ್ಕೆ ಅದು ರಜೆ ಸಿಗುತ್ತದೋ ಇಲ್ಲವೋ ಅನ್ನುವಷ್ಟೇ ಪ್ರಶ್ನೆ. ನಮ್ಮವರಿಗೆ ಅಷ್ಟಕ್ಕೆ ಮುಗಿಯುವುದಿಲ್ಲ.

ಮೊದಲನೆಯದು ಕೆನಡಾ. ಸಿಯಾಟಲ್‌ನಿಂದ ಅಲಾಸ್ಕಕ್ಕೆ ಹೋಗಿ ಸಿಯಾಟಲ್‌ಗೇ ಬರುವ ಹಡಗು ಕೆನಡಾದಲ್ಲಿ ಯಾಕೆ ನಿಲ್ಲಬೇಕು? ಇದರ ಹಿಂದೆ 1886ರ ಒಂದು ಅಮೆರಿಕನ್ ಕಾಯ್ದೆ ಇದೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸುವ ಹಾಗಿಲ್ಲ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ ಇಂಥ ಕಡೆ ನೋಂದಣಿಯಾದವು. ಹಾಗಾಗಿ ನಡುವೆ ಒಂದು ವಿದೇಶಿ ಬಂದರು ಬೇಕೇ ಬೇಕು. ಅದಕ್ಕೇ ಒಂದು ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲಿಸುತ್ತಾರೆ. ಕೆಲವೇ ಗಂಟೆಗಳ ನಿಲುಗಡೆ. ಆದರೂ ಭಾರತದ ಪಾಸ್‌ಪೋರ್ಟ್‌ನವರಿಗೆ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ. ಅಕ್ಕ-ಭಾವ ಇನ್ನೂ ಆ ಕ್ಯೂನಲ್ಲೇ ಇದ್ದಾರೆ, ಭಾವ ಎಚ್-1ಬಿ ಅನ್ನುವ ಕೆಲಸದ ವೀಸಾ, ಅಕ್ಕ ಅವರ ಹೆಂಡತಿಯಾಗಿ ಎಚ್-4. ಬೀಗರು ಇಬ್ಬರೂ ವಿಸಿಟರ್ ವೀಸಾ. ಮಕ್ಕಳನ್ನು ಬಿಟ್ಟರೆ ನಾಲ್ಕು ಜನಕ್ಕೂ ಬೇಕು.

ವೀಸಾ ಫೀ ತಲೆಗೆ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೋಗೆ 85. ನಾಲ್ಕು ಜನಕ್ಕೆ 740. ಅಮೆರಿಕದ ಲೆಕ್ಕದಲ್ಲಿ 500ಕ್ಕೂ ಮೇಲೆ. ಕೌಂಟರ್‌ನಲ್ಲಿ ಕೊಟ್ಟ 200 ಡಾಲರ್ ಕ್ರೆಡಿಟ್ ಇದರ ಮುಂದೆ ಯಾವ ಲೆಕ್ಕ? ಆ ಹೆಣ್ಣುಮಗಳು ಕೆನಡಾದ ಮಾತೇ ಎತ್ತಿರಲಿಲ್ಲ. ಅದು ಅವರ ತಪ್ಪು ಎಂದು ನನಗನಿಸುವುದಿಲ್ಲ. ಪಾಸ್‌ಪೋರ್ಟ್ ನೋಡಿ ಸಲಹೆ ಕೊಡುವುದು ಅವರ ಕೆಲಸ ಅಲ್ಲ. ಕಾಗದ-ಪತ್ರ ನಿಮ್ಮ ಜವಾಬ್ದಾರಿ ಎಂದು ಷರತ್ತಿನ ಹಾಳೆಯಲ್ಲೇ ಇತ್ತು. ಬೀಗರು ಅದಕ್ಕೂ ಗೆರೆ ಎಳೆದಿದ್ದರು.

ಎರಡನೆಯದು ಭಾವನ ಸ್ಟ್ಯಾಂಪ್. ಪಾಸ್‌ಪೋರ್ಟ್‌ನಲ್ಲಿರುವ ಎಚ್-1ಬಿ ಸ್ಟ್ಯಾಂಪ್, ಅಂದರೆ ವೀಸಾ, ಮುಂದಿನ ಮೇ ಕೊನೆಗೆ ಮುಗಿಯುತ್ತಿತ್ತು. ಅಲಾಸ್ಕ ಜುಲೈನಲ್ಲಿ. ಸ್ಟ್ಯಾಂಪ್ ಮುಗಿದಿದ್ದರೂ ಐ-94 (ಎಲ್ಲಿಯವರೆಗೆ ಅಮೆರಿಕದಲ್ಲಿ ಇರಬಹುದು ಎಂದು ಹೇಳುವ ದಾಖಲೆ) ಚಾಲ್ತಿಯಲ್ಲಿದ್ದು, ಕೆನಡಾಕ್ಕೋ ಮೆಕ್ಸಿಕೋಗೋ ಮಾತ್ರ ಹೋಗಿ 30 ದಿನದೊಳಗೆ ವಾಪಸ್ ಬಂದರೆ ಒಳಗೆ ಬಿಡುವ ನಿಯಮ ಒಂದಿದೆ. ಈ ನಡುವೆ ಹೊಸ ವೀಸಾಗೆ ಅರ್ಜಿ ಹಾಕಿದ್ದರೆ ಆ ಅನುಕೂಲ ಸಿಗುವುದಿಲ್ಲ. ಎಚ್-1ಬಿಯವರಿಗೆ ಬೇರೆ ದೇಶಗಳಿಗೂ ಸಿಗುವುದಿಲ್ಲ. ಅಂದರೆ ನಾವು ಆಗ ಹೋಗುತ್ತಿದ್ದ ರೊಆಟಾನ್ ರೂಟ್ ಸ್ಟ್ಯಾಂಪ್ ಮುಗಿದವರಿಗೆ ಆಗಿ ಬರುವುದಿಲ್ಲ, ರೊಆಟಾನ್ ಹೊಂಡುರಾಸ್‌ಗೆ ಸೇರಿದ್ದು. ಹಡಗಿನಲ್ಲಿ ಮುಂದಿನ ವರ್ಷದ ಬುಕಿಂಗ್ ಮಾಡುವ ಎಷ್ಟು ಜನ ದೇಸಿಗಳು ತಮ್ಮ ಸ್ಟ್ಯಾಂಪ್ ತಾರೀಖು ನೆನಪಿಟ್ಟುಕೊಂಡು ರೂಟ್ ಆರಿಸುತ್ತಾರೋ ಏನೋ. ನಾನು ನೋಡಿದಂತೆ ಪೋರ್ಟ್‌ಗಳ ಫೋಟೋ ನೋಡಿಯೇ ಆರಿಸುವುದು.

ಕೆಲಸದ ಮಾತೂ ಇದೆ. ಎಚ್-1ಬಿಯಲ್ಲಿ ಕೆಲಸ ಹೋದರೆ ಇನ್ನೊಂದು ಹುಡುಕಲು ಹೆಚ್ಚೆಂದರೆ 60 ದಿನ. ಅಂಥ ಹೊತ್ತಿನಲ್ಲಿ ಕ್ರೂಸ್ ಯಾರಿಗೆ ಬೇಕು? ಭಾವನ ಕಂಪನಿಯಲ್ಲಿ ಆಗ ಏನೂ ಆಗಿರಲಿಲ್ಲ. ಆದರೆ ಹದಿಮೂರು ತಿಂಗಳು ದೊಡ್ಡ ಅವಧಿ.

ವಿಮಾನದ ಟಿಕೆಟ್ ಬೇರೆ. ಗ್ಯಾಲ್ವೆಸ್ಟನ್‌ಗೆ ವ್ಯಾನ್‌ನಲ್ಲಿ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದಾಗಿತ್ತು. ಸಿಯಾಟಲ್‌ಗೆ ಆರು ವಿಮಾನ ಟಿಕೆಟ್ ಬೇಕು. ವಿಮಾನ ಕಂಪನಿಗಳು ಸುಮಾರು 11 ತಿಂಗಳು ಮೊದಲು ಮಾತ್ರ ಟಿಕೆಟ್ ಮಾರಲು ಶುರುಮಾಡುತ್ತವೆ. ಹದಿಮೂರು ತಿಂಗಳು ಮುಂಚೆ ಬುಕ್ ಮಾಡುವಾಗ ಪ್ರವಾಸದ ಒಂದು ದೊಡ್ಡ ಖರ್ಚು ಎಷ್ಟು ಎಂದೇ ಗೊತ್ತಿರುವುದಿಲ್ಲ.

ಕೊನೆಯದು ಬೀಗರು ಮುಂದಿನ ವರ್ಷ ಬರುತ್ತಾರಾ ಅನ್ನುವುದು. ಪ್ರತಿ ವರ್ಷವೂ ಬಂದು ಆರಾರು ತಿಂಗಳು ಕೂತರೆ ಇಮಿಗ್ರೇಷನ್ ಕೌಂಟರ್‌ನಲ್ಲಿ ಪ್ರಶ್ನೆ ಜಾಸ್ತಿಯಾಗುತ್ತದೆ. ಅಕ್ಕನ ಅತ್ತೆ ಅದಕ್ಕೂ ಸರಳವಾದ ಮಾತು ಹೇಳಿದ್ದರು, ಮೊದಲೇ. "ಮುಂದಿನ ವರ್ಷದ ಮಾತು ಈಗ್ಲೇ ಯಾಕೆ? ಮೈಸೂರಲ್ಲಿ ಮಗಳೂ ಇದ್ದಾಳಲ್ಲ, ಆ ಕಡೆನೂ ನೋಡ್ಬೇಕು." ಗಂಡಸರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀಗರ ಲೆಕ್ಕದಲ್ಲೂ ಈ ಮಾತಿಗೆ ಜಾಗ ಇರಲಿಲ್ಲ.

ಇಷ್ಟೆಲ್ಲ ಸೇರಿಸಿದರೆ ಆರೂ ಜನ ಅದೇ ದಿನ ಅದೇ ಹಡಗು ಹತ್ತುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ ಎಂದು ನನಗನಿಸಿತು. ರಿಫಂಡ್ ಇಲ್ಲದ್ದಂತೂ ಬೇಡವೇ ಬೇಡ. ರಿಫಂಡ್ ಇರುವುದಕ್ಕೆ 280 ಡಾಲರ್ ಬೆಲೆ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಹಣ ಕಟ್ಟಿಟ್ಟ ಮೇಲೆ ಮನುಷ್ಯ ಹೋಗಲೇಬೇಕು ಅನ್ನುವ ಹಟಕ್ಕೆ ಬೀಳುತ್ತಾನೆ. ವಯಸ್ಸಾದವರನ್ನು "ಟಿಕೆಟ್ ಬುಕ್ ಆಗಿದೆಯಲ್ಲ, ಬನ್ನಿ" ಎಂದು ಎಳೆದುಕೊಂಡು ಬರುವ ಮನೆಗಳನ್ನು ನಾನು ನೋಡಿದ್ದೇನೆ.

"ಹಡಗಲ್ಲ, ಕಂಪನಿ ಮುಳುಗಿದ್ರೆ?"

ಬೀಗರು ಇದನ್ನು ಕೇಳಿದಾಗ ಭಾವ ನಕ್ಕರು. ನಗುವ ವಿಷಯ ಅಲ್ಲ. ಮುಂಬೈಯಿಂದ 2019ರ ಏಪ್ರಿಲ್‌ನಲ್ಲಿ ಶುರುವಾದ ಜಲೇಶ್ ಕ್ರೂಸಸ್ 2020ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಅದರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. 2022ರ ಜನವರಿಯಲ್ಲಿ ಗೆಂಟಿಂಗ್ ಹಾಂಗ್‌ಕಾಂಗ್ ಕುಸಿದಾಗ ಐಷಾರಾಮಿ ಕ್ರಿಸ್ಟಲ್ ಕ್ರೂಸಸ್ ಕೂಡ ನಿಂತುಹೋಯಿತು, ಡ್ರೀಮ್ ಕ್ರೂಸಸ್ ಹೆಸರೂ ಮಾಯವಾಯಿತು. ನಮ್ಮವರು ತುಂಬಾ ಜನ ಹತ್ತುವ ಸಿಂಗಾಪುರದ ಗೆಂಟಿಂಗ್ ಡ್ರೀಮ್ ಹಡಗು ಅದೇ ವರ್ಷ ಜೂನ್‌ನಲ್ಲಿ ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಹೆಸರಿನಲ್ಲಿ ಮತ್ತೆ ಓಡಿತು. ಹಡಗು ಅದೇ, ಕಂಪನಿ ಬೇರೆ.

ಕೋವಿಡ್ ಕಾಲವನ್ನಂತೂ ಹೇಳುವುದೇ ಬೇಡ. 2020ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ನಿಂತ ದೊಡ್ಡ ಹಡಗುಗಳು ಮತ್ತೆ ಜನರನ್ನು ಹತ್ತಿಸಿಕೊಂಡು ಹೊರಟದ್ದು 2021ರ ಜೂನ್‌ನಲ್ಲಿ. ಹಣ ವಾಪಸ್ ಬೇಕಾ, ಮುಂದಿನ ಪ್ರಯಾಣಕ್ಕೆ ಸ್ವಲ್ಪ ಹೆಚ್ಚಿನ ಕ್ರೆಡಿಟ್ ಬೇಕಾ ಎಂದು ಹಲವು ಕಂಪನಿಗಳು ಆಗ ಕೇಳಿದ್ದವು.

ದೊಡ್ಡ ಕಂಪನಿಯಲ್ಲಿ 600 ಡಾಲರ್ ಇಡಲು ನಾನು ಇದಕ್ಕಾಗಿ ಹೆದರುವುದಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿರಬೇಕು ಅಷ್ಟೇ, ಸೇವೆ ಸಿಗದಿದ್ದರೆ ಬ್ಯಾಂಕ್ ಮೂಲಕ ಹಣ ಕೇಳುವ ದಾರಿ ಇರುತ್ತದೆ. ಬೆಂಗಳೂರಿನಿಂದ ಹೋಗಿ ಸಿಂಗಾಪುರದ ಹಡಗಿನಲ್ಲಿ ಬುಕ್ ಮಾಡುವವರು ಇನ್ನೊಂದು ನೋಡಿಕೊಳ್ಳಬೇಕು. ವಿದೇಶಿ ಹಣದಲ್ಲಿ ಕಾರ್ಡ್ ಉಜ್ಜಿದರೆ ಬ್ಯಾಂಕ್ ತನ್ನ ಪಾಲು ಸೇರಿಸುತ್ತದೆ. ರಿಫಂಡ್ ಬಂದಾಗ ಆ ಪಾಲು ಬರುವುದಿಲ್ಲ, ರೂಪಾಯಿ ರೇಟೂ ಬೇರೆ ಇರುತ್ತದೆ. ಊರಿನ ಏಜೆಂಟ್ ಹತ್ತಿರ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು.

ಕೊನೆಗೆ ಮಾಡಿದ್ದು

ಕೊಜುಮೆಲ್‌ನಲ್ಲಿ ಇಳಿದಾಗ ಭಾವನ ಫೋನ್‌ಗೆ ಸಿಗ್ನಲ್ ಬಂತು. ಅವರ ಪ್ಲಾನ್‌ನಲ್ಲಿ ಮೆಕ್ಸಿಕೋ ಸೇರಿತ್ತು. ಜೆಟ್ಟಿಯ ನೆರಳಲ್ಲಿ ನಿಂತು ಕಂಪನಿಯ ವೆಬ್‌ಸೈಟ್ ತೆರೆದರು. ಅಲಾಸ್ಕ ಅದೇ ಕ್ಯಾಬಿನ್, ಅದೇ 7,260. ಒಂದು ಡಾಲರ್ ವ್ಯತ್ಯಾಸ ಇಲ್ಲ. ಅಲ್ಲಿಗೆ ಅವರ ಉತ್ಸಾಹ ಸ್ವಲ್ಪ ತಣ್ಣಗಾಯಿತು.

ಆದರೆ ಅಕ್ಕ ಇನ್ನೊಂದು ವಿಷಯ ತೆಗೆದಳು. ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್, ಅಂದರೆ ಸ್ಕೂಲಿನ ಒಂದು ವಾರದ ರಜೆ. ಸ್ಕೂಲ್ ಕ್ಯಾಲೆಂಡರ್ ಆಗಲೇ ಬಂದಿತ್ತು, ದಿನ ಗ್ಯಾರಂಟಿ. ಮತ್ತೆ ಗ್ಯಾಲ್ವೆಸ್ಟನ್‌ನಿಂದಲೇ ಐದು ರಾತ್ರಿ, ಮೆಕ್ಸಿಕೋದ ಬಂದರುಗಳು ಮಾತ್ರ. ವಿಮಾನ ಬೇಡ, ಕೆನಡಾ ಇಲ್ಲ, ಭಾವನ ಸ್ಟ್ಯಾಂಪ್ ಮೇವರೆಗೆ ಇದೆ. ಬರೀ ನಾಲ್ಕು ಜನ, ಒಂದೇ ಕ್ಯಾಬಿನ್. ಬುಕ್ ಮಾಡದಿದ್ದರೂ ಅವರು ಆ ವಾರ ಎಲ್ಲಿಗಾದರೂ ಹೋಗುವವರೇ. ನಾಲ್ಕು ಜನರ ಕ್ಯಾಬಿನ್ ಸ್ಪ್ರಿಂಗ್ ಬ್ರೇಕ್‌ನಲ್ಲಿ ಸಿಗುವುದು ಕಷ್ಟ ಎಂಬ ಭಾವನ ವಾದ ನಿಜಕ್ಕೂ ಹೊಂದುವುದು ಇಲ್ಲಿ.

ಊಟದ ಟೇಬಲ್ ನೋಡಿಕೊಳ್ಳುತ್ತಿದ್ದ ಹೆಡ್ ವೇಟರ್ ಮಂಗಳೂರಿನವರು. ಮೊದಲ ರಾತ್ರಿಯಿಂದಲೇ ಬೀಗರಿಗೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ದಾಲ್ ಮಾಡಿಸಿ ಕೊಡುತ್ತಿದ್ದರು. ಅವರೇ ಹೇಳಿದರು, "ಕೊನೆ ದಿನ ಅಲ್ಲಿ ಭಾರಿ ಕ್ಯೂ ಇರ್ತದೆ ಸಾರ್, ಇವತ್ತೇ ಟೈಮ್ ಬರೆಸಿಬಿಡಿ." ಬರೆಸಿದ್ದು ಒಳ್ಳೆಯದಾಯಿತು. ಕೊನೆಯ ದಿನ ಹೋದಾಗ ಕೌಂಟರ್ ಮುಂದೆ ಜನ ಗೋಡೆಗೆ ಒರಗಿಕೊಂಡು ಕಾಯುತ್ತಿದ್ದರು. ಟೈಮ್ ಇಲ್ಲದವರಿಗೆ ಒಂದು ಫಾರ್ಮ್ ಕೊಟ್ಟು ಕಳಿಸುತ್ತಿದ್ದರು. ಅಂಥ ಗಡಿಬಿಡಿಯಲ್ಲಿ ಯಾರು ಷರತ್ತು ಓದುತ್ತಾರೆ?

ರಿಫಂಡ್ ಇಲ್ಲದ ರೇಟ್‌ನಲ್ಲೇ ಬುಕ್ ಮಾಡಿದರು. 2,380 ಡಾಲರ್, ಡೆಪಾಸಿಟ್ 400, ಕ್ರೆಡಿಟ್ 50. ಹೋಗುವುದು ಹೆಚ್ಚುಕಡಿಮೆ ಖಚಿತ ಇದ್ದಾಗ ರಿಫಂಡ್‌ಗಾಗಿ ಹೆಚ್ಚು ಕೊಡುವುದರಲ್ಲಿ ಅರ್ಥ ಇಲ್ಲ. ಬೀಗರು ಪಕ್ಕದಲ್ಲಿ ಕೂತು ಮೂರು ವಿಷಯ ಕೇಳಿಸಿದರು. ಈ ಪ್ರಯಾಣವನ್ನು ಬುಕ್ ಮಾಡಿಕೊಟ್ಟ ಏಜೆಂಟ್ ಹೆಸರಿಗೇ ಈ ಬುಕಿಂಗ್ ಹೋಗುತ್ತದಾ? ಹೋಗುತ್ತದೆ ಎಂದರು. ಅದು ಮುಖ್ಯ, ಯಾಕೆಂದರೆ ಏಜೆಂಟ್ ತನ್ನ ಕಡೆಯಿಂದ ಕೊಡುವ ಶಾಪಿಂಗ್ ಕಾರ್ಡ್ ಬೇರೆ ಇರುತ್ತದೆ, ಕಂಪನಿಯ ನೇರ ಬುಕಿಂಗ್ ಆದರೆ ಅದು ಸಿಗುವುದಿಲ್ಲ. ರೇಟ್ ಇಳಿದರೆ ಕಡಿಮೆ ಮಾಡಿಕೊಡುತ್ತೀರಾ? ಪೂರ್ತಿ ಹಣ ಕಟ್ಟುವ ಮೊದಲು ಕೇಳಿದರೆ ಮಾಡುತ್ತೇವೆ, ಆದರೆ ಹೊಸ ಆಫರ್‌ಗೆ ಬದಲಾದರೆ ಹಳೇ ಕ್ರೆಡಿಟ್ ಉಳಿಯದೇ ಇರಬಹುದು. ಕ್ರೆಡಿಟ್ ಈ ಕಾಗದದಲ್ಲಿ ಎಲ್ಲಿದೆ? ಪ್ರಿಂಟ್‌ನಲ್ಲಿ ಅದು ಬಂದೇ ಇರಲಿಲ್ಲ. ಆಮೇಲೆ ಸೇರುತ್ತದೆ ಎಂದರು. ಬೀಗರು ಎದ್ದೇಳಲಿಲ್ಲ. ಎರಡನೇ ಪ್ರಿಂಟ್‌ನಲ್ಲಿ ಬಂತು.

ಆಮೇಲೆ ಆದದ್ದು

ಜನವರಿಯಿಂದ ಮಾರ್ಚ್‌ವರೆಗೆ ಕ್ರೂಸ್ ಕಂಪನಿಗಳ ದೊಡ್ಡ ಮಾರಾಟದ ಕಾಲ. ಆದರೆ ಮಾರ್ಚ್ ಪ್ರಯಾಣಕ್ಕೆ ಪೂರ್ತಿ ಹಣದ ಗಡುವು ಡಿಸೆಂಬರ್‌ನಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಆ ಮಾರಾಟದ ಲಾಭ ಇವರಿಗೆ ಸಿಗುವ ಹಾಗಿರಲಿಲ್ಲ. ಅಕ್ಕ ಅದನ್ನು ಮೊದಲೇ ಗಮನಿಸಿ ನವೆಂಬರ್ ಕೊನೆಯ ಸೇಲ್ ಸಮಯದಲ್ಲಿ ರೇಟ್ ನೋಡುತ್ತಿದ್ದಳು. ಒಂದು ದಿನ 2,240 ಕಂಡಿತು. ಏಜೆಂಟ್‌ಗೆ ಫೋನ್ ಮಾಡಿ ಬದಲಾಯಿಸಿಸಿದಳು. 140 ಇಳಿಯಿತು, 50ರ ಕ್ರೆಡಿಟ್ ಹೋಯಿತು. ನಿವ್ವಳ 90 ಡಾಲರ್ ಲಾಭ. ಕೌಂಟರ್‌ನಲ್ಲಿ ಕೊಟ್ಟ ಉಡುಗೊರೆ ಕೊನೆಗೆ ಉಳಿಯಲೇ ಇಲ್ಲ ನೋಡಿ. ಉಳಿದದ್ದು ನಾಲ್ಕು ಜನರ ಕ್ಯಾಬಿನ್ ಮತ್ತು ಕಡಿಮೆ ಡೆಪಾಸಿಟ್.

ಬೀಗರು ಮರುವರ್ಷ ಬರಲಿಲ್ಲ. ಮೈಸೂರಿನ ಮಗಳಿಗೆ ಬೇಸಿಗೆಯಲ್ಲಿ ಹೆರಿಗೆ, ಅತ್ತೆ ಬಾಣಂತನಕ್ಕೆ ನಿಂತರು. ಅಲಾಸ್ಕ ಬುಕ್ ಮಾಡಿದ್ದರೆ 600 ಹೋಗುತ್ತಿತ್ತು ಎಂದು ಭಾವ ಈಗ ಎಲ್ಲರಿಗೂ ಹೇಳುತ್ತಾರೆ, ತಾವೇ ಬೇಡ ಎಂದಿದ್ದ ಹಾಗೆ. ಆದರೆ ಅದನ್ನು ತೋರಿಸಿ ತೀರ್ಮಾನ ಸರಿಯಾಗಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೀಗರು ಬಂದಿದ್ದರೂ ಆ ತೀರ್ಮಾನ ಸರಿಯೇ. ಅವತ್ತು ಗೊತ್ತಿದ್ದಷ್ಟರಲ್ಲಿ ಅಲಾಸ್ಕಕ್ಕೆ ಹಣ ಕಟ್ಟಲು ಕಾರಣ ಇರಲಿಲ್ಲ, ಸ್ಪ್ರಿಂಗ್ ಬ್ರೇಕ್‌ಗೆ ಇತ್ತು. ಇದೇ ಕೌಂಟರ್, ಇದೇ ಆಫರ್, ಇದೇ ಮನೆಯವರು. ಒಂದಕ್ಕೆ ಬೇಡ, ಇನ್ನೊಂದಕ್ಕೆ ಸರಿ.

ಅಲಾಸ್ಕ ಈಗಲೂ ಪಟ್ಟಿಯಲ್ಲಿದೆ. ಅಕ್ಕ ಈ ಸಲ ಕ್ರಮ ಬದಲಾಯಿಸಿದ್ದಾಳೆ. ಮೊದಲು ಕೆನಡಾ ವೀಸಾಗೆ ಅರ್ಜಿ, ಬೀಗರದ್ದು ಬೆಂಗಳೂರಿನಲ್ಲೇ. ವೀಸಾ ಬಂದ ಮೇಲೆ ವಿಮಾನದ ರೇಟ್ ನೋಡುವುದು. ಹಡಗು ಆಮೇಲೆ.